ಬಿಸಿಲು, ಬ್ಯಾಟರಿ ಮತ್ತು ಹಲಸಿನ ಹಪ್ಪಳ

ಕಳೆದ ಏಪ್ರಿಲ್‌ನಲ್ಲಿ ಸಾಗರದ ನಮ್ಮ ಮನೆ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಬೇರೆ ಇತ್ತು. ‘ಇನ್ನು ಕರೆಂಟ್ ಹೋದ್ರೆ ಹೋಗ್ಲಿ ಬಿಡಿ’ ಎಂದು ಬೀದಿಗೆಲ್ಲ ಸಾರಿದ್ದೆ.

ಈ ಜಂಬ ಇದ್ದದ್ದು ಒಂದೇ ವಾರ. ಮಟಮಟ ಮಧ್ಯಾಹ್ನ, ಎಲ್ಲೋ ಲೈನ್ ಮೇಲೆ ಕೊಂಬೆ ಬಿತ್ತು. ಬೀದಿಯ ಫ್ಯಾನ್‌ಗಳೆಲ್ಲ ನಿಂತವು. ನಮ್ಮ ಸೋಲಾರೂ ನಿಂತಿತು! ತಲೆ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಸೋಲಾರ್ ಕರೆಂಟನ್ನು ಮನೆ ಬಳಕೆಗೆ ಒಗ್ಗಿಸುವ ಇನ್ವರ್ಟರ್‌ನಲ್ಲಿ ಕೆಂಪು ದೀಪ. ಪಕ್ಕದ ಮನೆ ರಾಯರು ಕಾಂಪೌಂಡ್ ಮೇಲಿಂದ ಕತ್ತು ಉದ್ದ ಮಾಡಿ, “ಏನ್ರೀ, ನಿಮ್ಮ ಸೂರ್ಯನೂ ಊಟಕ್ಕೆ ಹೋದ್ನಾ?” ಎಂದರು.

ಸೋಲಾರ್ ಹಾಕಿದ ಹುಡುಗನಿಗೆ ಫೋನ್ ಮಾಡಿದೆ. “ಸಾರ್, ಅದು ಆನ್-ಗ್ರಿಡ್, ಲೈನ್ ಜೊತೆ ಸೇರಿಸಿರೋದು. ಲೈನಲ್ಲಿ ಕರೆಂಟ್ ಇಲ್ಲ ಅಂದ್ರೆ ಅದೂ ಆಫ್. ಇಲ್ಲಾಂದ್ರೆ ನಿಮ್ಮ ಕರೆಂಟ್ ತಂತಿಗೆ ಹೋಗಿ, ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹೊಡೆಯತ್ತೆ.” ಲೈನ್‌ಮ್ಯಾನ್ ಜೀವ ದೊಡ್ಡದು, ಒಪ್ಪಿದೆ. ರಾಯರ ಮುಂದೆ ಹೋದ ನನ್ನ ಮಾನ? “ಅದಕ್ಕೆ ಬ್ಯಾಟರಿ ಇದೆಯಲ್ಲ ಸಾರ್!”

ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಸೇರಿ 5 ಯೂನಿಟ್ ಕರೆಂಟ್ ಹಿಡಿಸುವ ಲಿಥಿಯಂ ಬ್ಯಾಟರಿಗೆ ಅವನು ಹೇಳಿದ್ದು 2 ಲಕ್ಷ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಗೀಚತೊಡಗಿದೆ. ದಿನಾ 5 ಯೂನಿಟ್ ಕೂಡಿಟ್ಟು ರಾತ್ರಿ ಬಳಸಿದರೆ, ಯೂನಿಟ್‌ಗೆ 6 ರೂಪಾಯಿಯಂತೆ 30 ರೂಪಾಯಿ. ಅಸಲು ಹುಟ್ಟಲು 18 ವರ್ಷ. ವಾರಂಟಿ 10 ವರ್ಷ! ಅದೂ ಹೋಗಲಿ ಅಂದರೆ ಆ 30 ರೂಪಾಯಿ ಉಳಿತಾಯವೂ ಸುಳ್ಳು. ನೆಟ್ ಮೀಟರ್‌ನಲ್ಲಿ ಹಗಲು ಹೆಚ್ಚಾದದ್ದು ಲೈನ್‌ಗೆ ಹೋಗಿ, ರಾತ್ರಿ ತೆಗೆದುಕೊಂಡದ್ದಕ್ಕೆ ವಜಾ ಆಗುತ್ತದೆ. ಪಕ್ಕದ ಮನೆಗೆ ಕೊಟ್ಟ ಸಕ್ಕರೆ ವಾಪಸ್ ಬಂದ ಹಾಗೆ. ಅಂದರೆ ಬ್ಯಾಟರಿ ಬೇಕಾಗುವುದು ಕರೆಂಟ್ ಹೋದಾಗ ಮಾತ್ರ.

ನಮ್ಮಲ್ಲಿ ಕರೆಂಟ್ ಜಾಸ್ತಿ ಹೋಗುವುದು ಮಳೆಗಾಲದಲ್ಲಿ. ಅಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು, “ಆರಿದ್ರಾ ಮಳೆ ಹಿಡಿದ್ರೆ ಬಟ್ಟೆ ಒಣಗೋಕೇ ಬಿಸಿಲಿಲ್ಲ. ನಿನ್ನ ಬ್ಯಾಟರಿಗೆ ಎಲ್ಲಿಂದ ತರ್ತೀಯ?”

“ಲೈನಿಂದಲೂ ಚಾರ್ಜ್ ಆಗತ್ತಮ್ಮಾ.”

“ಹಾಗಾದ್ರೆ ಮೆಟ್ಟಿಲ ಕೆಳಗಿರೋ ಯುಪಿಎಸ್ ಏನು ಪಾಪ ಮಾಡಿದೆ?”

ಹೌದಲ್ಲ! ಅದರಲ್ಲೂ 150 ಆಂಪಿಯರ್-ಅವರ್ ಬ್ಯಾಟರಿ ಇದೆ. 12 ವೋಲ್ಟ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್, ಅಂದರೆ ಕಾಗದದ ಮೇಲೆ 1.8 ಯೂನಿಟ್. ಪೂರ್ತಿ ಸಿಗುವುದಿಲ್ಲ, ಆದರೂ ಎರಡು ಫ್ಯಾನ್, ಮೂರು ಬಲ್ಬಿಗೆ ಧಾರಾಳ.

ಆದರೂ ಆಸೆ ಬಿಡಬೇಕಲ್ಲ? ‘ಎಷ್ಟು ಕರೆಂಟ್ ಮಿಗುತ್ತೆ, ನೋಡೇಬಿಡೋಣ’ ಎಂದು ಮೇ ತಿಂಗಳಿಡೀ ಮೊಬೈಲಲ್ಲಿ ಆ್ಯಪ್ ನೋಡುತ್ತ ಕೂತೆ. ದಿನಾ 12 ಯೂನಿಟ್ ಕೊಡುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ 7ಕ್ಕೆ ಇಳಿಯಿತು. ಮಾರನೇ ದಿನ ಇನ್ನೂ ಕಡಿಮೆ. “ಧೂಳು ಕೂತಿರತ್ತೆ, ಒರೆಸಿ ಸಾರ್” ಎಂದ ಹುಡುಗ. ಬಕೆಟ್ ಹಿಡಿದು ತಾರಸಿ ಹತ್ತಿದೆ.

ಪ್ಯಾನೆಲ್ ಮೇಲೆ ನನ್ನದೇ ಬಿಳಿ ಪಂಚೆ. ಅದರ ಮೇಲೆ ಸಾಲಾಗಿ ಹಲಸಿನ ಹಪ್ಪಳ. ಜಾರದಂತೆ ಅಂಚಿಗೆ ಬಟ್ಟೆ ಕ್ಲಿಪ್ ಬೇರೆ.

“ಅಮ್ಮಾ! ಒಂದು ಮೂಲೆಗೆ ನೆರಳು ಬಿದ್ರೂ ಇಡೀ ಸಾಲೇ ಮಂಕಾಗತ್ತೆ!”

“ನೆಲಕ್ಕಿಂತ ಇಲ್ಲಿ ಬೇಗ ಒಣಗತ್ತೆ ಕಣೋ. ಇರುವೆ ಕಾಟಾನೂ ಇಲ್ಲ.”

ಅವತ್ತು ಸಂಜೆಯೇ ಗುಡುಗು, ಗಾಳಿ. ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿಂಯ್ ಎಂದು ಅತ್ತು ಸುಮ್ಮನಾಯಿತು. ಸೋಲಾರ್ ಗುಂಗಿನಲ್ಲಿ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನೇ ಮರೆತು ಎಷ್ಟು ತಿಂಗಳಾಗಿತ್ತೋ. ಮೇಣದ ಬತ್ತಿ ಹುಡುಕುವಷ್ಟರಲ್ಲಿ ರಾಯರು ಟಾರ್ಚ್ ಹಿಡಿದು ಜಗಲಿ ಹತ್ತಿದರು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಒಳಗಿಂದ ಆಗಷ್ಟೇ ಕರಿದ ಹಪ್ಪಳದ ತಟ್ಟೆ ತಂದು ಮುಂದಿಟ್ಟಳು.

“ತಗೊಳ್ಳಿ ರಾಯರೇ, ಇದು ಪೂರ್ತಿ ಸೋಲಾರ್‌ದು.”