ಕಲಿಕೆ ಸಾಧ್ಯವಾಗಿರುವುದು ಜಗತ್ತಿನ ಕ್ರಮದಿಂದಲೇ?

ಪರ

28×28 ಚುಕ್ಕಿಗಳ ಚೌಕದಲ್ಲಿ ಪ್ರತಿ ಚುಕ್ಕಿ ಕಪ್ಪು ಇಲ್ಲವೇ ಬಿಳಿ ಎಂದುಕೊಂಡರೂ 1ರ ಮುಂದೆ 236 ಸೊನ್ನೆ ಹಾಕಿದಷ್ಟು ಬೇರೆಬೇರೆ ಚಿತ್ರಗಳು ಸಾಧ್ಯ. ಬೆಂಗಳೂರಿನ ಸ್ವಯಂಸೇವಕರ ಕೈಬರಹದಿಂದ 2019ರಲ್ಲಿ ಸಿದ್ಧವಾದ ಕನ್ನಡ-ಎಂನಿಸ್ಟ್ ಅಂಕಿಸಂಗ್ರಹದಲ್ಲಿ ತರಬೇತಿಗೆಂದು ಇರುವುದು ಇದೇ ಅಳತೆಯ ಬರೀ 60,000 ಚಿತ್ರ. ಅಷ್ಟು ಸಾಕು, ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಆದ ಮಾಮೂಲಿ ನ್ಯೂರಲ್ ನೆಟ್‌ವರ್ಕ್ ತಾನು ಕಂಡೇ ಇರದ ಅಂಕಿಗಳನ್ನು ನೂರಕ್ಕೆ ಸುಮಾರು 97 ಸರಿಯಾಗಿ ಓದುತ್ತದೆ.

ಇದು ಯಂತ್ರದ ಜಾಣತನ ಅನ್ನುವವರು ತರಬೇತಿ ಚಿತ್ರಗಳ ಮೇಲಿನ, ಇದು ಯಾವ ಅಂಕಿ ಎಂದು ಹೇಳುವ ಲೇಬಲ್‌ಗಳನ್ನು ಮನಬಂದಂತೆ ಕಲಸಿ, ಅದೇ ನೆಟ್‌ವರ್ಕ್‌ಗೆ ಕೊಟ್ಟು ನೋಡಲಿ. ಸಾಕಷ್ಟು ದೊಡ್ಡದಿದ್ದರೆ ಅಷ್ಟನ್ನೂ ಬಾಯಿಪಾಠ ಮಾಡಿಕೊಳ್ಳುತ್ತದೆ. ಹೊಸ ಚಿತ್ರ ಇಟ್ಟರೆ ಮಾತ್ರ ಹತ್ತಕ್ಕೆ ಒಂದು, ಕಣ್ಣುಮುಚ್ಚಿ ಹೇಳಿದಷ್ಟೇ.

ಅಂಕಿಗಳಾಚೆಗೂ ಹೀಗೆಯೇ. ಜಲಜನಕದ ಬೆಳಕಿನಲ್ಲಿ ಕಾಣುವ ಕೆಂಪು ರೇಖೆಯ ತರಂಗದುದ್ದ ಪ್ರಯೋಗಾಲಯದಲ್ಲಿ 656.3 ನ್ಯಾನೋಮೀಟರ್. ಕೋರಮಂಗಲದ ಖಭೌತ ವಿಜ್ಞಾನ ಸಂಸ್ಥೆಯವರು ಕಾವಲೂರಿನ 2.34 ಮೀಟರ್ ದೂರದರ್ಶಕವನ್ನು ಜಲಜನಕದ ಗುರುತು ಕಾಣುವ ಯಾವ ನಕ್ಷತ್ರದತ್ತ ತಿರುಗಿಸಿದರೂ, ಅದರ ಓಟದಿಂದಾದ ಪಲ್ಲಟ ಕಳೆದರೆ ಅದೇ ರೇಖೆ. ಇಲ್ಲಿ ಕಲಿತದ್ದು ಅಲ್ಲಿಗೂ ಸಲ್ಲುತ್ತದೆ.

ವಿರೋಧ

ಜಲಜನಕವನ್ನು ಒಪ್ಪೋಣ. ಆದರೆ ಅಂಕಿಗಳನ್ನು ಸಾಕ್ಷಿಗೆ ಕರೆದದ್ದು ಎಡವಟ್ಟು. ಒಂದಕ್ಕೊಂದು ಬೇರೆ ಕಾಣಲೆಂದೇ ಜನ ತಲೆಮಾರುಗಳಿಂದ ತಿದ್ದಿಕೊಂಡು ಬಂದ ರೂಪಗಳವು (೩ ಮತ್ತು ೭ರಲ್ಲಿ ಆ ಶ್ರಮ ಅಷ್ಟೇನೂ ಫಲಿಸಿಲ್ಲ, ಬಿಡಿ). ಅದೇ ಸಂಗ್ರಹದ ಜೊತೆಗೆ ಇನ್ನೊಂದು ಕಂತೆಯಿದೆ: ಕನ್ನಡ ಲಿಪಿ ರೂಢಿಯಿಲ್ಲದವರು ಅಮೆರಿಕದಲ್ಲಿ ಬರೆದ 10,240 ಅಂಕಿಗಳು. ಅದರ ಮೇಲೆ 97 ಇದ್ದದ್ದು 76ರ ಆಸುಪಾಸಿಗೆ ಇಳಿಯಿತು.

ಇನ್ನು, ನಿಯಮ ಇದ್ದಮಾತ್ರಕ್ಕೆ ಕಲಿಯಲು ಬರುವುದಿಲ್ಲ. ಎಸ್‌ಎಚ್‌ಎ-256 ನೋಡಿ, ಯಾವ ಮಾಹಿತಿ ಕೊಟ್ಟರೂ ಅದನ್ನು ಕಲಸಿ 256 ಬಿಟ್‌ಗಳ (ಸೊನ್ನೆ-ಒಂದುಗಳ) ಗುರುತು ಕೊಡುವ ಸೂತ್ರ. 64 ಸುತ್ತುಗಳಲ್ಲಿ ಕೂಡಿಸುವುದು, ಬಿಟ್‌ಗಳನ್ನು ತಿರುಗಿಸುವುದು; ಎಲ್ಲ ಹೆಜ್ಜೆಯೂ ಬಹಿರಂಗ, ಆಕಸ್ಮಿಕ ಎಂಬುದೇ ಇಲ್ಲ. ಒಳಗೆ ಒಂದು ಬಿಟ್ ಬದಲಿಸಿದರೆ ಹೊರಬರುವ 256ರಲ್ಲಿ ಸರಾಸರಿ 128 ಬದಲಾಗುತ್ತವೆ. ಹತ್ತಿರದ ಪ್ರಶ್ನೆಗೆ ಹತ್ತಿರದ ಉತ್ತರ ಎಂಬ ಆಸರೆ ತಪ್ಪಿತು. ಬರೀ ಉದಾಹರಣೆಗಳಿಂದ ಮುಂದಿನ ಉತ್ತರ ಊಹಿಸುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಲೇಬಲ್ ಕಲಸುವ ಬದಲು ಎಲ್ಲ ಚಿತ್ರಗಳ ಚುಕ್ಕಿಗಳನ್ನೂ ಒಂದೇ ಕ್ರಮದಲ್ಲಿ ಅದಲುಬದಲು ಮಾಡಿ. ಮಾಹಿತಿ ಒಂದಿನಿತೂ ಕಳೆದಿಲ್ಲ. ಆದರೂ, ಪಕ್ಕಪಕ್ಕದ ಚುಕ್ಕಿಗಳಿಗೆ ನಂಟಿದೆ ಎಂದು ನೆಚ್ಚಿ ಕಟ್ಟಿದ ಕಾನ್ವಲ್ಯೂಷನ್ ನೆಟ್‌ವರ್ಕ್‌ನ ಅಂಕ ಇಳಿಯುತ್ತದೆ. ಆ ನೆಚ್ಚಿಕೆಯಿಲ್ಲದೆ ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿದ ನೆಟ್‌ವರ್ಕ್‌ಗೆ ಏನಾದರೂ ಬದಲಾಗಿದೆ ಎಂಬುದೇ ತಿಳಿಯುವುದಿಲ್ಲ.