ಬಣ್ಣ ನೋಡಿಲ್ಲ ಸ್ವಾಮಿ, ಪಕ್ಷ ನೋಡಿದ್ದು

ಟೆಕ್ಸಸ್‌ನವರಿಗೆ ಕೊನೆಗೂ ನ್ಯಾಯ ಸಿಕ್ಕಿತು. ಟ್ರಂಪ್ ಸಾಹೇಬರು ಅಮೆರಿಕದ ಸಂಸತ್ತಿನಲ್ಲಿ ತಮ್ಮ ರಿಪಬ್ಲಿಕನ್ ಪಕ್ಷಕ್ಕೆ ಇನ್ನೈದು ಸೀಟು ಬೇಕು ಅಂದರು, ರಾಜಧಾನಿ ಆಸ್ಟಿನ್‌ನಲ್ಲಿ ಕೂತ ಶಾಸಕರು 2025ರ ಆಗಸ್ಟ್‌ನಲ್ಲಿ ಹೊಸ ಕ್ಷೇತ್ರನಕ್ಷೆ ಬರೆದುಕೊಟ್ಟರು. ಸಾಮಾನ್ಯವಾಗಿ ನಕ್ಷೆ ಬದಲಾಗುವುದು ಜನಗಣತಿ ಆದ ಮೇಲೆ, ಮುಂದಿನ ಗಣತಿ 2030ಕ್ಕೆ. ಆದರೆ ಹಸಿವು ಗಣತಿಗೆ ಕಾಯುತ್ತದೆಯೇ? ಜನಾಂಗ ನೋಡಿ ಗೆರೆ ಎಳೆದಿದ್ದೀರಿ ಎಂದು ನವೆಂಬರ್‌ನಲ್ಲಿ ಎಲ್ ಪಾಸೋದ ಫೆಡರಲ್ ಕೋರ್ಟು ತಡೆ ಹಾಕಿತು. ತೀರ್ಪು ಬರೆದ ನ್ಯಾಯಾಧೀಶರನ್ನು ನೇಮಿಸಿದ್ದೂ ಟ್ರಂಪ್ ಅವರೇ, ಪಾಪ. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತಡೆಗೇ ತಡೆ ಹಾಕಿತು. ನ್ಯಾಯಮೂರ್ತಿ ಅಲಿಟೋ ಬರೆದದ್ದರ ಸಾರ: ಇದರ ಹಿಂದಿದ್ದದ್ದು ಪಕ್ಷದ ಲಾಭ, ಅಷ್ಟೇ.

ಇಷ್ಟು ಪ್ರಾಮಾಣಿಕ ಪ್ರಜಾಪ್ರಭುತ್ವ ಇನ್ನೆಲ್ಲಿದೆ ಹೇಳಿ? ನಮ್ಮಲ್ಲಿ ಸಿಕ್ಕಿಬಿದ್ದ ಕಳ್ಳ ‘ಆ ಮನೆ ಕಡೆ ತಲೆ ಹಾಕಿ ಮಲಗಿದವನಲ್ಲ ನಾನು’ ಅನ್ನುತ್ತಾನೆ. ಅಲ್ಲಿ ‘ಹೋಗಿದ್ದೆ ಬುದ್ಧಿ, ಆದರೆ ಬೆಳ್ಳಿ ಮುಟ್ಟಿಲ್ಲ, ಬರೀ ಚಿನ್ನ’ ಅಂದರೆ ಖುಲಾಸೆ. ಪಕ್ಷದ ಲಾಭಕ್ಕೆ ನಕ್ಷೆ ತಿರುಚಿದರೆ ಅದು ಫೆಡರಲ್ ಕೋರ್ಟುಗಳು ಕೈಹಾಕುವ ವಿಷಯವೇ ಅಲ್ಲ ಎಂದು 2019ರಲ್ಲೇ ತೀರ್ಮಾನವಾಗಿದೆ. ಬಣ್ಣ ನೋಡಿದರೆ ತಪ್ಪು, ಪಕ್ಷ ನೋಡಿದರೆ ಒಪ್ಪು. ಹೊಸ ನಕ್ಷೆಗೂ ಮೊದಲು, 2025ರ ಜುಲೈನಲ್ಲಿ, ಟ್ರಂಪ್ ಸರ್ಕಾರದ ನ್ಯಾಯ ಇಲಾಖೆಯೇ ಟೆಕ್ಸಸ್‌ಗೆ ಪತ್ರ ಬರೆದು ನಾಲ್ಕು ಕ್ಷೇತ್ರಗಳ ಜನಾಂಗೀಯ ಲೆಕ್ಕ ಎತ್ತಿ ಆಡಿತ್ತು. ನಕ್ಷೆ ಬರೆದವರು ಮಾತ್ರ ಆ ಅಂಕಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲವಂತೆ.

ಹಿಂದಿನವರಿಗೆ ಇಷ್ಟು ನಾಜೂಕು ಗೊತ್ತಿರಲಿಲ್ಲ. ಅಲಬಾಮಾದ ಟಸ್ಕೀಗಿ ಪಟ್ಟಣ ಚಚ್ಚೌಕವಾಗಿತ್ತು. 1957ರಲ್ಲಿ ಶಾಸನಸಭೆ ಅದನ್ನು 28 ಮೂಲೆಗಳ ವಿಚಿತ್ರಾಕಾರ ಮಾಡಿತು. ಊರಲ್ಲಿದ್ದ ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಮನೆಯಿಂದ ಕದಲದೆ ಊರಾಚೆಯವರಾದರು. ಬಿಳಿಯರು? ಒಬ್ಬರೂ ಹೊರಗೆ ಬೀಳಲಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ದಡ್ಡರು, ಪಕ್ಷದ ಹೆಸರು ಹೇಳುವ ಉಪಾಯ ಹೊಳೆದಿರಲಿಲ್ಲ.

ಉತ್ತರ ಕೆರೊಲಿನಾದವರಿಗೆ ಹೊಳೆಯಿತು. 2016ರಲ್ಲಿ ಅಲ್ಲಿನ ರಿಪಬ್ಲಿಕನ್ ಶಾಸಕ ಡೇವಿಡ್ ಲೂಯಿಸ್ ಸಮಿತಿಯ ಸಭೆಯಲ್ಲೇ ಹೇಳಿದರು: ಹತ್ತು ನಮಗೆ, ಮೂರು ಅವರಿಗೆ ಬರುವಂತೆ ಬರೆಯೋಣ, ಯಾಕೆಂದರೆ ಹನ್ನೊಂದು-ಎರಡು ಬರೆಯೋದು ಸಾಧ್ಯ ಅಂತ ನನಗನ್ನಿಸೋದಿಲ್ಲ. ಎಂಥ ಸಂಯಮ! ಆ ನಕ್ಷೆಯ ಗೆರೆ ಗ್ರೀನ್ಸ್‌ಬರೊ ಊರಿನ ಒಂದು ಕಾಲೇಜಿನ ಅಂಗಳದ ನಡುವೆಯೇ ಹಾದುಹೋಯಿತು. ರಸ್ತೆ ಈಚೆಯ ಹಾಸ್ಟೆಲಿನವನಿಗೆ ಒಬ್ಬ ಸಂಸದ, ಆಚೆಯವನಿಗೆ ಇನ್ನೊಬ್ಬ. ಇಬ್ಬರೂ ರಿಪಬ್ಲಿಕನ್ನರೇ. ಕಾಲೇಜು ಯಾವುದು ಅಂತೀರಿ? ಕಪ್ಪು ವಿದ್ಯಾರ್ಥಿಗಳ ನಾರ್ತ್ ಕೆರೊಲಿನಾ ಎ ಅಂಡ್ ಟಿ. 1960ರ ಫೆಬ್ರವರಿ 1ರಂದು ಇದೇ ಕಾಲೇಜಿನ ನಾಲ್ವರು ಹುಡುಗರು, ಇನ್ನೂ ಮೊದಲ ವರ್ಷದವರು, ವುಲ್‌ವರ್ತ್ ಅಂಗಡಿಯ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದ್ದರು. ಕೊಡಲಿಲ್ಲ. ಇವರು ಏಳಲಿಲ್ಲ. ಆ ಊರಿನಲ್ಲಿ ಗೆರೆ ಎಳೆಯಲು ಇದೇ ಅಂಗಳ ಬೇಕಿತ್ತು ನೋಡಿ.

ಅಮೆರಿಕದ ಕಪ್ಪು ಮತದಾರರಲ್ಲಿ ಹತ್ತಕ್ಕೆ ಎಂಟೊಂಬತ್ತು ಮಂದಿ ಓಟು ಹಾಕುವುದು ಡೆಮಾಕ್ರಟಿಕ್ ಪಕ್ಷಕ್ಕೆ. ಇದು ನಕ್ಷೆ ಬರೆಯುವವನಿಗೆ ಗೊತ್ತು, ವಾದ ಮಾಡುವ ವಕೀಲನಿಗೆ ಗೊತ್ತು, ಕೇಳುವ ಜಡ್ಜಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಗಂಭೀರವಾಗಿ ಕೂತು ‘ಇದು ಬಣ್ಣವೋ ಪಕ್ಷವೋ’ ಎಂದು ವಿಚಾರಣೆ ನಡೆಸುತ್ತಾರೆ. 1965ರಲ್ಲಿ ಅಲಬಾಮಾದ ಸೆಲ್ಮಾದಲ್ಲಿ, ಮತದಾನದ ಹಕ್ಕು ಕೇಳಿ ಹೊರಟ ಕಪ್ಪು ಜನರ ಮೇಲೆ ಸೇತುವೆಯಲ್ಲಿ ಲಾಠಿ ಬೀಸಿದ ಪೊಲೀಸರು ಯಾರನ್ನೂ ನಿನ್ನದು ಯಾವ ಪಕ್ಷ ಎಂದು ಕೇಳಿರಲಿಲ್ಲ. ತಲೆ ಒಡೆಸಿಕೊಂಡು ಗಳಿಸಿದ ಆ ಮತದಾನದ ಕಾನೂನಿನ ಹಲ್ಲನ್ನು 2013ರಲ್ಲಿ ಇದೇ ಸುಪ್ರೀಂ ಕೋರ್ಟು ಕಿತ್ತಿತು. ಸಾಕಪ್ಪ ಈ ನಾಟಕ.

ಗೆರೆ ಎಳೆಯದೆಯೂ ಸೀಟು ಮಾಡಬಹುದು, ಜೈಲೊಂದಿದ್ದರೆ ಸಾಕು. ಅಮೆರಿಕದ ಜನಗಣತಿಯಲ್ಲಿ ಕೈದಿಯ ಲೆಕ್ಕ ಅವನ ಊರಿಗಲ್ಲ, ಜೈಲಿರುವ ಊರಿಗೆ. ಬಹುತೇಕ ರಾಜ್ಯಗಳಲ್ಲಿ ಅವನಿಗೆ ಓಟಿಲ್ಲ, ತಲೆ ಮಾತ್ರ ಉಂಟು. ಅಯೋವಾದ ಅನಮೋಸಾ ಎಂಬ ಊರಿನ ಒಂದು ವಾರ್ಡಿನಲ್ಲಿ ಸಾವಿರಕ್ಕೂ ಮೇಲೆ ಕೈದಿಗಳಿದ್ದರು, ಹೊರಗೆ ನೂರು ಜನವೂ ಇರಲಿಲ್ಲ. 2005ರಲ್ಲಿ ಅಲ್ಲಿ ಕೌನ್ಸಿಲರ್ ಆದವನಿಗೆ ಬಿದ್ದದ್ದು ಎರಡು ಓಟು: ಒಂದು ಹೆಂಡತಿಯದು, ಇನ್ನೊಂದು ನೆರೆಮನೆಯವರದು. ತನ್ನ ಓಟನ್ನೂ ಅವನು ತನಗೆ ಹಾಕಿಕೊಂಡಿರಲಿಲ್ಲ. (ಬೆಂಗಳೂರೇ ವಾಸಿ. 2020ರಲ್ಲಿ ಪಾಲಿಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಬದುಕಿದೆವು. ಮೋಸ ಮಾಡುವುದಕ್ಕಾದರೂ ಚುನಾವಣೆ ಬೇಕಲ್ಲ.)

ನಮ್ಮವರ ಪಾಲೂ ಇದೆ. 2022ರಲ್ಲಿ ಶ್ರೀ ಥಾನೇದಾರ್ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಿಗೆ ಗೆದ್ದರು. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. ಗಡಿ ವಿವಾದ ಮರೆತು ಎರಡೂ ಭಾಷೆಯವರು ‘ನಮ್ಮವ’ ಎನ್ನಬಹುದಾದ ಅಪರೂಪದ ಮನುಷ್ಯ. ನಾಲ್ಕರಲ್ಲಿ ಮೂವರು ಕಪ್ಪು ಜನರಿರುವ ಆ ನಗರಕ್ಕೆ 1955ರಿಂದ ಈಚೆಗೆ ಮೊದಲ ಬಾರಿ ವಾಷಿಂಗ್ಟನ್‌ನಲ್ಲಿ ಕಪ್ಪು ಸಂಸದರೇ ಇಲ್ಲವಾದರು. ಗೆಲುವಿನಲ್ಲಿ ಕಾನೂನಿನ ತಪ್ಪೇನಿಲ್ಲ: ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಒಂಬತ್ತು ಮಂದಿ, ಇವರಿಗೆ ಶೇ 28 ಓಟು, ಖರ್ಚಿಗೆ ಸ್ವಂತ ಜೇಬು. ಅಲ್ಲಿನ ಕಪ್ಪು ಜನ ಬೇಜಾರು ಮಾಡಿಕೊಂಡರೆ ನಮ್ಮ ವಾಟ್ಸಾಪ್ ಪಂಡಿತರ ಬಳಿ ಉತ್ತರ ಸಿದ್ಧ: ಯೋಗ್ಯತೆ ನೋಡಬೇಕು, ಬಣ್ಣವಲ್ಲ. ಚಿಕ್ಕೋಡಿ ಲೋಕಸಭಾ ಟಿಕೆಟ್ ಮಾತು ಬರಲಿ, ಅದೇ ಪಂಡಿತರು ಲಿಂಗಾಯತರೆಷ್ಟು, ಕುರುಬರೆಷ್ಟು, ಜೈನರೆಷ್ಟು, ಮರಾಠರೆಷ್ಟು ಎಂದು ಹೋಬಳಿವಾರು ಒಪ್ಪಿಸುತ್ತಾರೆ, ಪುಸ್ತಕ ನೋಡದೆ.