ಆಕಾಶಮಲ್ಲಿಗೆ ನೆಡುವ ಮುನ್ನ

ಆಕಾಶಮಲ್ಲಿಗೆಯ ಮಾತೆತ್ತಿದರೆ ಸಾಕು, ಗಿಡ ಬೆಳೆಸುವವರಲ್ಲಿ ಎರಡು ಬಣಗಳಾಗುತ್ತವೆ. ಒಂದು ಬಣಕ್ಕೆ ಪರಿಮಳದ ಮುಂದೆ ಬೇರೇನೂ ಕಾಣುವುದಿಲ್ಲ. ಇನ್ನೊಂದು ಬಣ 'ಹರಡುವ ಮರ, ಹತ್ತಿರ ಸೇರಿಸಬೇಡಿ' ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ನನಗೆ ಇಬ್ಬರ ಮೇಲೂ ತಕರಾರಿದೆ. ಮರ ಹೇಗೆ ಹರಡುತ್ತದೆ ಎಂದು ಯಾರೂ ಕೇಳುವುದೇ ಇಲ್ಲವಲ್ಲ!

ಹೂವಿನ ವಿಷಯದಲ್ಲಿ ನಾನು ಪಕ್ಷಪಾತಿ. ಬೆರಳುದ್ದದ ಸಪೂರ ಕೊಳವೆ, ತುದಿಯಲ್ಲಿ ಬಿಳಿಯ ಎಸಳುಗಳು. ಅರಳುವುದು ರಾತ್ರಿ, ಏಕೆಂದರೆ ಅಷ್ಟುದ್ದದ ಕೊಳವೆಯ ತಳಕ್ಕೆ ನಾಲಿಗೆ ಇಳಿಬಿಡಬಲ್ಲ ಪತಂಗಗಳು ಹಾರುವುದೂ ಆಗಲೇ. ಬೆಳಗಾಗುವ ಹೊತ್ತಿಗೆ ಬುಡದ ತುಂಬ ಹೂವು. ಬಗ್ಗಿ ಒಂದನ್ನು ಎತ್ತಿಕೊಂಡರೆ ಸಾಕು, ವಾಸನೆ ಇನ್ನೂ ಇರುತ್ತದೆ.

ಇನ್ನು ನೆಲದಡಿಯ ಕಥೆ. ಬುಡದಿಂದ ಎಷ್ಟೋ ದೂರದಲ್ಲಿ, ಸಂಬಂಧವೇ ಇಲ್ಲವೆಂಬಂತೆ ಒಂದು ಸಸಿ ತಲೆಯೆತ್ತುತ್ತದೆ. ಬೀಜದ ಸಸಿಯೆಂದು ಕೀಳಲು ಹೋದರೆ ಬರುವುದಿಲ್ಲ. ಮಣ್ಣು ಸರಿಸಿ ನೋಡಿ: ಕೆಳಗೊಂದು ಬೇರು ಅಡ್ಡಲಾಗಿ ಓಡುತ್ತಿರುತ್ತದೆ, ಮರಿ ಅದರ ಬೆನ್ನೇರಿ ಕುಳಿತಿರುತ್ತದೆ. ನೆಲಮಟ್ಟಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎಳೆಯದಿರುವಾಗಲೇ, ಬೇರಿಗೆ ಅಂಟಿದ ಜಾಗದಿಂದಲೇ ಮುರಿದು ತೆಗೆಯಬೇಕು. ಸಿಟ್ಟಿನಲ್ಲಿ ಗುದ್ದಲಿ ಬೀಸಿ ಬೇರಿಗೆ ಗಾಯ ಮಾಡಿದಿರೋ, ಗಾಯವಾದ ಕಡೆ ಹೊಸ ಮರಿ. ರೋಸಿಹೋಗಿ ಮರವನ್ನೇ ಉರುಳಿಸಿದರಂತೂ ಫಜೀತಿ. ಕಾಂಡ ಹೋಯಿತು, ನಿಜ. ಬೇರಿನ ದಾಸ್ತಾನು ಹಾಗೇ ಉಳಿದಿರುತ್ತದೆ.

ಇಷ್ಟಾದರೂ ಇದನ್ನು ಕಾಡು ನುಂಗುವ ಮರಗಳ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ತವರಾದ ಮ್ಯಾನ್ಮಾರ್ ಸೀಮೆ ಬಿಟ್ಟು ಬಂದು ನೆಟ್ಟ ಕಡೆ ಇದು ಕಾಯಿ ಕಚ್ಚುವುದೇ ಅಪರೂಪ. ಬೇರು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ಇದರ ಕಾರುಬಾರು. ಚೀನಾದ ಪೌಲೋನಿಯಾವನ್ನು ನೋಡಿ. ಅದಕ್ಕೂ ಸುವಾಸನೆಯಿದೆ, ತಿಳಿನೇರಳೆ ಹೂಗೊಂಚಲಿದೆ. ಆದರೆ ಒಂದೊಂದು ದೊಡ್ಡ ಮರವೂ ಲಕ್ಷಗಟ್ಟಲೆ ರೆಕ್ಕೆಬೀಜಗಳನ್ನು ಗಾಳಿಗೆ ತೂರುತ್ತದೆ. ಅಲಂಕಾರಕ್ಕೆಂದು ಅಮೆರಿಕಕ್ಕೆ ಒಯ್ದದ್ದು ಈಗ ಅಲ್ಲಿನ ಪೂರ್ವ ಭಾಗದ ರಸ್ತೆಬದಿಗಳಲ್ಲಿ, ಬೆಂಕಿ ಬಿದ್ದ ಕಾಡುಗಳಲ್ಲಿ ತಾನೇ ತಾನಾಗಿ ಬೆಳೆಯುತ್ತಿದೆ. ಬೇರಿನಿಂದ ಬಂದ ಮರಿಯನ್ನು ನೆಟ್ಟವರೇ ಕೀಳಬಹುದು. ಗಾಳಿ ಒಯ್ದ ಬೀಜದ ಹಿಂದೆ ಯಾರು ಓಡುತ್ತಾರೆ? ಎರಡಕ್ಕೂ ಒಂದೇ ಹಣೆಪಟ್ಟಿ ಹಚ್ಚುವುದು ಸೋಮಾರಿತನ.

ಆಕಾಶಮಲ್ಲಿಗೆ ಬೇಕೇ ಬೇಕೆನ್ನುವವರು ಗೋಡೆ, ಚರಂಡಿ, ಪಕ್ಕದವರ ಬೇಲಿ ಇವುಗಳಿಂದ ದೂರ ನೆಡಿ. ಅರವತ್ತು ಅಡಿ ದಾಟಿ ಬೆಳೆಯುವ ಮರ ಇದು, ಮರವೋ ಪೆಡಸು, ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ. ಸುತ್ತ ಹುಲ್ಲು ಬಿಟ್ಟು ಆಗಾಗ ಕತ್ತರಿಸುತ್ತಿದ್ದರೆ ಮರಿಗಳ ಆಟ ಹೆಚ್ಚು ನಡೆಯುವುದಿಲ್ಲ. ಇಷ್ಟು ಜಾಗ, ಇಷ್ಟು ತಾಳ್ಮೆ ಇಲ್ಲದವರು ಪಾರಿಜಾತ ನೆಟ್ಟುಕೊಳ್ಳಲಿ. ಅದೂ ರಾತ್ರಿಯೇ ಅರಳುತ್ತದೆ.

ಮರಿ ಕೇಳಿ ಬಂದವರಿಗೆ ಕೊಡುವ ಮೊದಲು ನಾನು ಎಲ್ಲಿ ನೆಡುತ್ತೀರಿ ಎಂದು ವಿಚಾರಿಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ ಬಿಡಿ.